ಹಳೇ ಬೈಕಿಗೆ ಹೊಸ ಟೈರ್: ಅಳತೆ ತಪ್ಪದೆ ಕೊಳ್ಳುವುದು ಹೇಗೆ

‘ನನ್ನ ಆರ್‌ಎಕ್ಸ್ 100ಕ್ಕೆ ಯಾವ ಟೈರ್ ಹಾಕಿಸಲಿ?’ ‘ಅಪ್ಪನ ಜಾವಾಗೆ 16 ಇಂಚಿನ ಟೈರ್ ಸಿಗ್ತಿಲ್ಲ, ಬೇರೆ ಯಾವುದಾದ್ರೂ ಕೂರುತ್ತಾ?’ ‘ಬುಲೆಟ್‌ಗೆ ಸ್ವಲ್ಪ ದಪ್ಪ ಟೈರ್ ಹಾಕಿದ್ರೆ ತೊಂದರೆಯಾ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಹೊಸ ಬೈಕ್ ಇರುವವರಿಗೆ ಈ ತಲೆನೋವಿಲ್ಲ. ಮಾಡೆಲ್ ಹೆಸರು ಹೇಳಿದರೆ ಸಾಕು, ಅಂಗಡಿಯವರು ಟೈರ್ ತೆಗೆದು ಮುಂದಿಡುತ್ತಾರೆ. ಹಳೇ ಗಾಡಿಯ ಕಥೆ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಅಲ್ಲಿಂದ ಇಲ್ಲಿಗೆ ಈ ಗಾಡಿಗಳು ಎಷ್ಟೋ ಕೈ ಬದಲಾಗಿವೆ. ಒಬ್ಬರು ರಿಮ್ ಬದಲಿಸಿರುತ್ತಾರೆ, ಇನ್ನೊಬ್ಬರು ಅಂಗಡಿಯಲ್ಲಿ ಅಂದು ಸಿಕ್ಕ ಟೈರ್ ಹಾಕಿಸಿರುತ್ತಾರೆ, ಮತ್ತೊಬ್ಬರು ಚೆಂದ ಕಾಣಲಿ ಅಂತ ಹಿಂದಕ್ಕೆ ದಪ್ಪ ಟೈರ್ ತುರುಕಿಸಿರುತ್ತಾರೆ. ಹಾಗಾಗಿ ಈಗ ಗಾಡಿಯಲ್ಲಿರುವ ಟೈರಿನ ನಂಬರ್ ಬರೆದುಕೊಂಡು ಸೀದಾ ಅಂಗಡಿಗೆ ಹೋಗಬೇಡಿ. ಅದು ಸರಿಯಾದ ನಂಬರ್ ಅನ್ನುವುದಕ್ಕೆ ಯಾವ ಗ್ಯಾರಂಟಿಯೂ ಇಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೇ ಬೈಕಿಗೆ ಕಂಪನಿ ಕೊಟ್ಟ ಅಳತೆಯೇ ಒಳ್ಳೆಯದು. ಅದು ಸಿಗದೇ ಹೋದಾಗ ಮಾತ್ರ ಅದಕ್ಕೆ ತೀರಾ ಹತ್ತಿರವಾದದ್ದನ್ನು ಹುಡುಕಬೇಕು.

ಶುರು ಮಾಡುವ ಮುನ್ನ ಒಂದು ಅಳತೆ ಟೇಪು, ಒಂದು ಸಣ್ಣ ಸ್ಕೇಲು, ಟಾರ್ಚು, ಹಳೇ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಇಟ್ಟುಕೊಳ್ಳಿ. ಗಾಡಿಯ ಮ್ಯಾನುಯಲ್ ಇದ್ದರೆ ಇನ್ನೂ ಒಳ್ಳೆಯದು.

1. ಮೊದಲು ರಿಮ್ ಓದಿ

ಬೈಕನ್ನು ಡಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಹಳೇ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ರಿಮ್ಮಿನ ಒಳಮೈ ಒರೆಸಿ. ಒಳಮೈ ಅಂದರೆ ಸ್ಪೋಕ್ಸ್ ಕೂರುವ ಭಾಗ. ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತಾ ಟಾರ್ಚ್ ಬಿಟ್ಟು ನೋಡಿ. ವಾಲ್ವ್ ಹತ್ತಿರ ಅಥವಾ ಅದರ ಎದುರು ಬದಿಯಲ್ಲಿ 1.60×18 ಅಂತಲೋ 1.85×18 ಅಂತಲೋ ಕೊರೆದಿರುತ್ತದೆ. ಮೊದಲನೆಯದು ರಿಮ್ಮಿನ ಒಳ ಅಗಲ, ಎರಡನೆಯದು ವ್ಯಾಸ. ಎರಡೂ ಇಂಚಿನಲ್ಲಿ. ಹಳೇ ಬುಲೆಟ್‌ನಂಥ ಇಂಗ್ಲಿಷ್ ಮೂಲದ ಗಾಡಿಗಳ ರಿಮ್ಮಿನಲ್ಲಿ ಡಬ್ಲ್ಯುಎಂ 1, ಡಬ್ಲ್ಯುಎಂ 2 ಅಂತ ಇರಬಹುದು. ಡಬ್ಲ್ಯುಎಂ 1 ಅಂದರೆ 1.60, ಡಬ್ಲ್ಯುಎಂ 2 ಅಂದರೆ 1.85, ಡಬ್ಲ್ಯುಎಂ 3 ಅಂದರೆ 2.15 ಇಂಚು.

ಈ ಅಗಲ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಯಾವ ರಿಮ್ಮಿಗೆ ಎಷ್ಟು ದಪ್ಪದ ಟೈರ್ ಅನ್ನುವುದಕ್ಕೆ ಈ ಲೆಕ್ಕ ಇಟ್ಟುಕೊಳ್ಳಿ:

- 1.40 ರಿಮ್: 2.25 ಅಥವಾ 2.50 ಟೈರ್
- 1.60 ರಿಮ್: 2.50ರಿಂದ 3.00ರವರೆಗೆ, ಮಿಲಿಮೀಟರ್ ಲೆಕ್ಕದಲ್ಲಾದರೆ 80
- 1.85 ರಿಮ್: 2.75ರಿಂದ 3.50ರವರೆಗೆ, 80 ಅಥವಾ 90
- 2.15 ರಿಮ್: 3.25ರಿಂದ 4.00ರವರೆಗೆ, 90, 100, ಹೆಚ್ಚೆಂದರೆ 110

ಇಲ್ಲೇ ಇನ್ನೊಂದು ಕೆಲಸ ಮಾಡಿಬಿಡಿ. ಸ್ಪೋಕ್ಸನ್ನು ಒಂದೊಂದಾಗಿ ಬೆರಳಿನಿಂದ ಮೀಟಿ. ಸಡಿಲವಾದದ್ದು ‘ಡಬ್’ ಅನ್ನುತ್ತದೆ, ಬಿಗಿಯಾದದ್ದು ‘ಟಿಣ್’ ಅನ್ನುತ್ತದೆ. ರಿಮ್ಮಿನ ಅಂಚಿಗೆ ತುಕ್ಕು ಹಿಡಿದು ಪದರ ಎದ್ದಿದ್ದರೆ, ಅಥವಾ ಹಳ್ಳಕ್ಕೆ ಬಿದ್ದು ಅಂಚು ಒಳಗೆ ಮಡಚಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಕೆಟ್ಟ ರಿಮ್ಮಿಗೆ ಒಳ್ಳೇ ಟೈರ್ ಹಾಕಿಸುವುದು ದುಡ್ಡು ದಂಡ.

2. ಕಂಪನಿ ಕೊಟ್ಟ ಅಳತೆ ಯಾವುದು ಅಂತ ಪತ್ತೆ ಮಾಡಿ

ಮ್ಯಾನುಯಲ್ ಇದ್ದರೆ ಅದರ ಕೊನೇ ಪುಟಗಳಲ್ಲಿ ಇರುತ್ತದೆ. ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲೆ ಸ್ಟಿಕ್ಕರ್ ಉಳಿದಿದ್ದರೆ ಅಲ್ಲೂ ಸಿಗುತ್ತದೆ. ಸ್ವಿಂಗ್ ಆರ್ಮ್ ಅಂದರೆ ಹಿಂದಿನ ಚಕ್ರವನ್ನು ಎರಡೂ ಬದಿ ಹಿಡಿದಿರುವ ಕಬ್ಬಿಣದ ಕೈ. ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿರುವ ಕೆಲವು ಗಾಡಿಗಳ ಅಳತೆ ಹೀಗಿದೆ:

- ಯಮಹಾ ಆರ್‌ಎಕ್ಸ್ 100: ಮುಂದೆ 2.50-18, ಹಿಂದೆ 2.75-18
- ಹೀರೋ ಹೋಂಡಾ ಸ್ಪ್ಲೆಂಡರ್: ಎರಡೂ ಕಡೆ 2.75-18, ಆದರೆ ಹಿಂದಿನದು ಜಾಸ್ತಿ ಭಾರ ಹೊರುವಂಥದ್ದು
- ಹಳೇ ಬುಲೆಟ್ 350: ಎರಡೂ ಕಡೆ 3.25-19
- ಹಳೇ ಜಾವಾ 250: ಎರಡೂ ಕಡೆ 3.25-16

ಒಂದೇ ಮನೆತನದ ಗಾಡಿಯಾದರೂ ಚಕ್ರ ಒಂದೇ ಇರುತ್ತದೆ ಅಂದುಕೊಳ್ಳಬೇಡಿ. ಜಾವಾದ ಚಕ್ರ 16 ಇಂಚು, ಅದೇ ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗ್‌ನದ್ದು 18 ಇಂಚು. ಹಾಗಾಗಿ ಪಟ್ಟಿ ಹೇಳುವುದೂ ರಿಮ್ ಹೇಳುವುದೂ ಬೇರೆಯಾದರೆ ರಿಮ್ಮನ್ನು ನಂಬಿ.

ಜಾವಾದವರಿಗೆ ಒಂದು ವಿಶೇಷ ಎಚ್ಚರಿಕೆ. ‘16 ಇಂಚಿನ ಟೈರ್ ಕೊಡಿ’ ಅಂತಷ್ಟೇ ಕೇಳಿದರೆ ಅಂಗಡಿಯವರು ಟಿವಿಎಸ್ ಎಕ್ಸ್‌ಎಲ್‌ನ 2.50-16 ತೋರಿಸುವ ಸಾಧ್ಯತೆ ಇದೆ. ಅದು ರಿಮ್ಮಿಗೆ ಏರುತ್ತದೆ ಕೂಡ. ಆದರೆ ಅದು ಮೊಪೆಡ್ ಟೈರ್. 250 ಸಿಸಿ ಗಾಡಿಯ ಭಾರಕ್ಕೂ ವೇಗಕ್ಕೂ ಮಾಡಿದ್ದಲ್ಲ. ಪೂರ್ತಿ ನಂಬರ್ ಹೇಳಿ ಕೇಳಿ: 3.25-16. ಮೊದಲ ಅಂಗಡಿಯಲ್ಲಿ ಸಿಗದಿದ್ದರೆ ಕಾಯಿರಿ. ಜಾವಾ–ಯೆಜ್ಡಿ ಇಟ್ಟುಕೊಂಡವರ ಬಳಗ ಮೈಸೂರು, ಬೆಂಗಳೂರಿನಲ್ಲಿ ದೊಡ್ಡದಿದೆ. ಎಲ್ಲಿ ಸಿಗುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ.

3. ಟೈರಿನ ಮೇಲಿನ ಬರಹ ಅರ್ಥ ಮಾಡಿಕೊಳ್ಳಿ

ಉದಾಹರಣೆಗೆ 2.75-18 42ಪಿ 4ಪಿಆರ್ ಅಂತ ಇದೆ ಅಂದುಕೊಳ್ಳಿ. 2.75 ಅಂದರೆ ಟೈರಿನ ಅಗಲ, ಇಂಚಿನಲ್ಲಿ. 18 ಅಂದರೆ ರಿಮ್ಮಿನ ವ್ಯಾಸ. ನಡುವಿನ ಅಡ್ಡಗೆರೆ, ಟೈರಿನ ಒಳಗಿನ ನೂಲು ಓರೆಯಾಗಿ ಹೆಣೆದಿದೆ ಅನ್ನುವುದರ ಗುರುತು. ಹಳೇ ಬೈಕುಗಳಿಗೆ ಬೇಕಾದದ್ದು ಇದೇ. ಅಡ್ಡಗೆರೆಯ ಜಾಗದಲ್ಲಿ ಆರ್ ಅಕ್ಷರ ಇದ್ದರೆ ಅದು ರೇಡಿಯಲ್, ಅಂದರೆ ನೂಲು ಓರೆಯಾಗಿರದೆ ನೇರ ಅಡ್ಡಕ್ಕೆ ಹಾಕಿರುವಂಥದ್ದು. ಒಂದು ಚಕ್ರಕ್ಕೆ ಅದು, ಇನ್ನೊಂದಕ್ಕೆ ಇದು ಅಂತ ಬೆರಕೆ ಮಾಡಬೇಡಿ.

42 ಅನ್ನುವುದು ಭಾರದ ಸಂಕೇತ. ಕಿಲೋ ಅಲ್ಲ, ಪಟ್ಟಿಯಲ್ಲಿನ ಸಂಖ್ಯೆ. 42 ಅಂದರೆ ಆ ಒಂದು ಟೈರ್ 150 ಕಿಲೋ ಹೊರಬಲ್ಲದು. 48 ಅಂದರೆ 180, 52 ಅಂದರೆ 200, 57 ಅಂದರೆ 230 ಕಿಲೋ. ಪಕ್ಕದ ಅಕ್ಷರ ವೇಗದ ಮಿತಿ: ಜೆ 100, ಎಲ್ 120, ಪಿ 150, ಎಸ್ 180 ಕಿಮೀ. 4ಪಿಆರ್, 6ಪಿಆರ್ ಅನ್ನುವುದು ಟೈರಿನ ಗಟ್ಟಿತನದ ಅಂದಾಜು. ಸ್ಪ್ಲೆಂಡರ್‌ನ ಹಿಂದಿನ ಟೈರ್ 48ಪಿ 6ಪಿಆರ್. ಮುಂದಿನದು 42ಪಿ 4ಪಿಆರ್. ಸೈಜು ಒಂದೇ ಅಲ್ವಾ ಅಂತ ಮುಂದಿನದನ್ನೇ ಹಿಂದಕ್ಕೆ ಹಾಕಿಸಿದರೆ, ಹೆಂಡತಿ ಮಕ್ಕಳು, ಸಾಮಾನು ಎಲ್ಲ ಹೊತ್ತು ಹೋಗುವಾಗ ಟೈರ್ ಮಿತಿ ಮೀರಿ ಬಿಸಿಯಾಗುತ್ತದೆ. ಭಾರದ ಸಂಖ್ಯೆ ಕಂಪನಿ ಹೇಳಿದ್ದಕ್ಕಿಂತ ಮೇಲಿದ್ದರೆ ಪರವಾಗಿಲ್ಲ. ಕೆಳಗೆ ಮಾತ್ರ ಇಳಿಯಬಾರದು.

4. ಅದೇ ಅಳತೆ ಸಿಗದಿದ್ದರೆ ಲೆಕ್ಕ ಹಾಕಿ

ಈಗಿನ ಟೈರುಗಳಲ್ಲಿ ಹೆಚ್ಚಿನವು ಮಿಲಿಮೀಟರ್ ಲೆಕ್ಕದವು: 80/100-18, 90/90-19 ಹೀಗೆ. ಮೊದಲ ಸಂಖ್ಯೆ ಅಗಲ. ಎರಡನೆಯದು ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. 80/90 ಅಂದರೆ 80 ಮಿಮೀ ಅಗಲ, ಅದರ ಶೇ 90, ಅಂದರೆ 72 ಮಿಮೀ ಎತ್ತರ. ಹಳೇ ಇಂಚಿನ ಟೈರುಗಳಲ್ಲಿ ಎತ್ತರ ಬೇರೆ ಬರೆದಿರುವುದಿಲ್ಲ. ಅಗಲ ಎಷ್ಟೋ ಎತ್ತರವೂ ಸುಮಾರು ಅಷ್ಟೇ ಅಂತ ಹಿಡಿಯಬಹುದು.

ಚಕ್ರದ ಒಟ್ಟು ಎತ್ತರ ಬೇಕಾದರೆ ರಿಮ್ಮಿನ ವ್ಯಾಸಕ್ಕೆ ಟೈರಿನ ಎತ್ತರವನ್ನು ಎರಡು ಸಲ ಕೂಡಿಸಿ. 18 ಇಂಚು ಅಂದರೆ 457 ಮಿಮೀ. ಆರ್‌ಎಕ್ಸ್ 100ರ ಹಿಂಚಕ್ರಕ್ಕೆ ಈ ಲೆಕ್ಕ ಹಾಕಿ ನೋಡೋಣ:

- ಕಂಪನಿಯ 2.75-18: 457 + 70 + 70 = 597 ಮಿಮೀ
- 80/90-18: 457 + 72 + 72 = 601 ಮಿಮೀ
- 80/100-18: 457 + 80 + 80 = 617 ಮಿಮೀ
- 100/90-18: 457 + 90 + 90 = 637 ಮಿಮೀ

ಮೊದಲಿನ ಎರಡರ ನಡುವೆ 4 ಮಿಮೀ ವ್ಯತ್ಯಾಸ. ಏನೂ ಅಲ್ಲ. 80/100 ಕೂಡ ಜಾಗ ಇದ್ದರೆ ನಡೆಯುತ್ತದೆ. ಕೊನೆಯದನ್ನು ನೋಡಿ. ಎಷ್ಟೋ ಆರ್‌ಎಕ್ಸ್‌ಗಳಲ್ಲಿ ಕಾಣುವ ‘ದಪ್ಪ ಟೈರ್’ ಇದೇ. ಚಕ್ರ 40 ಮಿಮೀ ದೊಡ್ಡದಾಯಿತು, ಅಂದರೆ ಹೆಚ್ಚು ಕಡಿಮೆ ಶೇ 6.7. ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಚಿಕ್ಕದು ಹಾಕಿದರೆ ಆಗುವ ಪರಿಣಾಮವೇ ಇಲ್ಲೂ ಆಗುತ್ತದೆ: ಎಳೆತ ಕಮ್ಮಿಯಾಗುತ್ತದೆ. ಆರ್‌ಎಕ್ಸ್ ಇಟ್ಟುಕೊಳ್ಳುವುದೇ ಅದರ ಪಿಕಪ್‌ಗಾಗಿ ಅಲ್ವಾ? ಟೈರ್ ಹಾಕಿಸಿದ ದಿನವೇ ಅದು ಕುಂದುತ್ತದೆ. ಮೇಲೆ ಟೈರಿನ ತೂಕ ಬೇರೆ. ಆ ತೂಕವನ್ನು ನಿಲ್ಲಿಸಬೇಕಾದದ್ದು ಅದೇ ಹಳೇ ಡ್ರಮ್ ಬ್ರೇಕು.

ಹ್ಯಾಂಡ್ಲಿಂಗ್ ಇನ್ನೂ ಕೆಡುತ್ತದೆ. 1.60ರ ಕಿರಿದಾದ ರಿಮ್ಮಿಗೆ 100ರ ಟೈರ್ ಹಾಕಿದಾಗ ಅದರ ಎರಡೂ ಅಂಚು ಒಳಕ್ಕೆ ಎಳೆದುಕೊಳ್ಳುತ್ತವೆ. ನೆಲಕ್ಕೆ ತಾಗುವ ಮೈ ಚೂಪಗೆ ಉಬ್ಬುತ್ತದೆ. ದಪ್ಪ ಟೈರಿಗೆ ಹಿಡಿತ ಜಾಸ್ತಿ ಅನ್ನುವ ಆಸೆಯಿಂದ ಹಾಕಿಸಿರುತ್ತೀರಿ, ಆದರೆ ನೆಲಕ್ಕೆ ತಾಗುವುದು ನಡುವಿನ ಒಂದು ಪಟ್ಟಿ ಮಾತ್ರ. ತಿರುವಿನಲ್ಲಿ ಬೈಕ್ ವಾಲಿಸಿದರೆ ಹಿಂಭಾಗ ಅಲುಗಾಡಿದ ಹಾಗೆ ಆಗುತ್ತದೆ.

ಬುಲೆಟ್‌ನವರಿಗೆ ಸುಲಭ. 3.25-19ರ ಚಕ್ರ ಸುಮಾರು 648 ಮಿಮೀ, 90/90-19ರದ್ದು ಸುಮಾರು 645. ಮುಂಚಕ್ರಕ್ಕೆ ಯೋಚಿಸದೆ ಹಾಕಿಸಬಹುದು. 100/90-19 ಆದರೆ 663 ಆಗುತ್ತದೆ, ರಿಮ್ಮೂ ಕನಿಷ್ಠ 2.15 ಬೇಕು.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡವೇ ಬೇಡ: ವ್ಯಾಸ. 17ರ ಟೈರನ್ನು 18ರ ರಿಮ್ಮಿಗೆ ಲಿವರ್ ಹಾಕಿ ಎಳೆದು ಕೂರಿಸಲು ಯಾರಾದರೂ ಹೊರಟರೆ ಅಲ್ಲಿಂದ ಎದ್ದು ಬನ್ನಿ. ಗಾಳಿ ತುಂಬುವಾಗಲೇ ಅದು ಸಿಡಿಯಬಹುದು.

5. ಜಾಗ ಇದೆಯಾ ಅಂತ ಅಳೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಕಂಪನಿ ಅಳತೆಯದ್ದೇ ಟೈರ್ ಸಿಕ್ಕಿದ್ದರೆ ನೀವೂ ಬಿಡಬಹುದು. ಬೇರೆ ಅಳತೆಗೆ ಹೋಗುತ್ತಿದ್ದರೆ ದಯವಿಟ್ಟು ಕೂತು ಅಳೆಯಿರಿ.

ಈಗಿರುವ ಟೈರಿನ ಅತಿ ದಪ್ಪ ಭಾಗದ ಅಗಲ ಬರೆದುಕೊಳ್ಳಿ. ಆಮೇಲೆ ಟೈರಿನಿಂದ ಎಡಬಲದ ಸ್ವಿಂಗ್ ಆರ್ಮ್‌ವರೆಗೆ, ಚೈನ್ ಕವರ್‌ವರೆಗೆ, ಬ್ರೇಕ್ ಪ್ಲೇಟನ್ನು ಹಿಡಿದಿರುವ ಪಟ್ಟಿಯವರೆಗೆ, ಮೇಲೆ ಮಡ್‌ಗಾರ್ಡ್‌ವರೆಗೆ ಎಷ್ಟು ಸಂದಿ ಇದೆ ನೋಡಿ. ಮಡ್‌ಗಾರ್ಡ್ ಒಳಗೆ ಟಾರ್ಚ್ ಬಿಟ್ಟು ನೋಡುವುದು ಮರೆಯಬೇಡಿ. ಟೈಲ್ ಲ್ಯಾಂಪಿನ ಬೋಲ್ಟು ಒಳಗೆ ಚಾಚಿಕೊಂಡಿರುತ್ತದೆ, ವೈರು ಜೋತುಬಿದ್ದಿರುತ್ತದೆ. ಜಾವಾ, ಯೆಜ್ಡಿಯಲ್ಲಿ ಚೈನನ್ನು ಪೂರ್ತಿ ಮುಚ್ಚುವ ಡಬ್ಬಿ ಇರುವುದರಿಂದ ಆ ಬದಿಯಲ್ಲಿ ಜಾಗ ಇನ್ನೂ ಕಮ್ಮಿ.

ಲೆಕ್ಕ ಸುಲಭ. ಹೊಸ ಟೈರ್ 30 ಮಿಮೀ ದಪ್ಪ ಜಾಸ್ತಿ ಇದ್ದರೆ ಪ್ರತಿ ಬದಿಯಲ್ಲಿ 15 ಮಿಮೀ ಜಾಗ ಹೋಗುತ್ತದೆ. ಚಕ್ರ 40 ಮಿಮೀ ದೊಡ್ಡದಾದರೆ ಮಡ್‌ಗಾರ್ಡಿಗೆ 20 ಮಿಮೀ ಹತ್ತಿರವಾಗುತ್ತದೆ. ಎಲ್ಲ ಕಳೆದ ಮೇಲೂ ಸುತ್ತಲೂ ಕಿರುಬೆರಳು ಆರಾಮಾಗಿ ತೂರುವಷ್ಟು, ಸುಮಾರು 10 ಮಿಮೀ ಉಳಿಯಬೇಕು. ಮಲೆನಾಡು, ಕರಾವಳಿಯವರು ಇದಕ್ಕಿಂತ ಜಾಸ್ತಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ಸಂದಿ ತುಂಬಿದರೆ ಚಕ್ರವೇ ತಿರುಗುವುದಿಲ್ಲ.

ಅಳೆಯುವಾಗ ಎರಡು ವಿಷಯ ನೆನಪಿರಲಿ. ಚೈನ್ ಹಳತಾದಂತೆ ಬಿಗಿ ಮಾಡಲು ಚಕ್ರವನ್ನು ಹಿಂದಕ್ಕೆ ಎಳೆದಿರುತ್ತಾರೆ. ಹೊಸ ಚೈನ್ ಹಾಕಿಸಿದ ದಿನ ಚಕ್ರ ಮುಂದಕ್ಕೆ ಬರುತ್ತದೆ. ಇವತ್ತು ತಾಗದ ಟೈರ್ ಅವತ್ತು ತಾಗುತ್ತದೆ. ಇನ್ನೊಂದು, ಸುಮ್ನೆ ನಿಂತ ಬೈಕಿನಲ್ಲಿ ಅಳೆದರೆ ಸಾಲದು. ಇಬ್ಬರನ್ನು ಕೂರಿಸಿ, ಶಾಕ್ ಅಬ್ಸಾರ್ಬರ್ ಕುಗ್ಗುವಂತೆ ಒತ್ತಿಸಿ, ಮಡ್‌ಗಾರ್ಡಿನ ಸಂದಿ ಮತ್ತೆ ನೋಡಿ. ಹಂಪ್ಸ್ ಮೇಲೆ ಹಾರಿದಾಗ ಅದು ಇನ್ನೂ ಕುಗ್ಗುತ್ತದೆ.

ದೊಡ್ಡ ಚಕ್ರ ಹಾಕಿದರೆ ಡಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೂ ಹಿಂಚಕ್ರ ನೆಲ ಬಿಡದಿರಬಹುದು. ದಾರಿಯಲ್ಲಿ ಪಂಕ್ಚರ್ ಆದಾಗ ಚಕ್ರ ಬಿಚ್ಚಲು ಪರದಾಡಬೇಕಾಗುತ್ತದೆ. ಆರ್‌ಎಕ್ಸ್‌ನಂತೆ ಮುಂಚಕ್ರದಿಂದ ಸ್ಪೀಡೋಮೀಟರ್ ಓಡುವ ಗಾಡಿಗಳಲ್ಲಿ ಮುಂದಿನ ಟೈರ್ ದೊಡ್ಡದಾದರೆ ಮೀಟರ್ ಕಮ್ಮಿ ವೇಗ ತೋರಿಸುತ್ತದೆ.

6. ಟ್ಯೂಬ್‌ಲೆಸ್ ಹಾಕಬಹುದಾ?

ಹಳೇ ಗಾಡಿಯ ಸ್ಪೋಕ್ಸ್ ಚಕ್ರದಲ್ಲಿ ಟ್ಯೂಬ್ ಇಲ್ಲದೆ ಓಡಿಸಲು ಆಗುವುದಿಲ್ಲ. ಪ್ರತಿ ಸ್ಪೋಕ್ ರಿಮ್ಮನ್ನು ತೂತು ಮಾಡಿಕೊಂಡು ಬಂದಿರುತ್ತದೆ, ಗಾಳಿ ಅಲ್ಲಿಂದ ಸೋರುತ್ತದೆ. ಜೊತೆಗೆ ಗಾಳಿ ಇಳಿದಾಗ ಟೈರ್ ಜಾರದಂತೆ ತಡೆಯುವ ಏಣು ಹಳೇ ರಿಮ್ಮಿನಲ್ಲಿ ಇರುವುದಿಲ್ಲ. ತೂತಿಗೆ ಅಂಟು ಬಳಿದು ಟ್ಯೂಬ್‌ಲೆಸ್ ಮಾಡಿಕೊಡುತ್ತೇವೆ ಅನ್ನುವವರಿದ್ದಾರೆ. ಹಳೇ ಗಾಡಿಗೆ ನಾನು ಅದನ್ನು ಹೇಳುವುದಿಲ್ಲ. ಅಲಾಯ್ ಚಕ್ರ ಇದ್ದರೂ ಅದರ ಮೇಲೆ ಟ್ಯೂಬ್‌ಲೆಸ್ ಅಂತ ಬರೆದಿದೆಯಾ ನೋಡಿ. ಮೊದಮೊದಲು ಬಂದ ಎಷ್ಟೋ ಅಲಾಯ್‌ಗಳು ಟ್ಯೂಬ್ ಟೈರಿಗೆ ಮಾಡಿದವು.

ನಿಮ್ಮ ಅಳತೆ ಟ್ಯೂಬ್‌ಲೆಸ್‌ನಲ್ಲಿ ಮಾತ್ರ ಸಿಕ್ಕರೆ ಅದರೊಳಗೆ ಟ್ಯೂಬ್ ಹಾಕಿ ಓಡಿಸಬಹುದು. ಟ್ಯೂಬ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ, ಹಾಗಾಗಿ ವೇಗ ಹದವಾಗಿರಲಿ. ಪಂಕ್ಚರ್ ಆದರೆ ಮಾತ್ರ ಟ್ಯೂಬ್‌ಲೆಸ್‌ನಂತೆ ನಿಧಾನಕ್ಕೆ ಇಳಿಯುವುದಿಲ್ಲ, ಒಮ್ಮೆಲೇ ಇಳಿಯುತ್ತದೆ.

7. ಅಂಗಡಿಯಲ್ಲಿ ನೋಡಬೇಕಾದದ್ದು

ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ತಯಾರಿಕೆ ಸಂಖ್ಯೆ ಹುಡುಕಿ. 2324 ಅಂದರೆ 2024ನೇ ಇಸವಿಯ 23ನೇ ವಾರ. ಅಪರೂಪದ ಅಳತೆಯ ಟೈರುಗಳು ಅಟ್ಟದ ಮೇಲೆ ವರ್ಷಗಟ್ಟಲೆ ಮಲಗಿರುತ್ತವೆ. ಹೊಸದರಂತೆ ಫಳಫಳ ಹೊಳೆದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಜಾರುತ್ತದೆ. ಎರಡು ವರ್ಷಕ್ಕಿಂತ ಹಳೆಯದಾದರೆ ಬೇರೆ ಕೇಳಿ. ಉಗುರಿನಿಂದ ಒತ್ತಿ ನೋಡಿ, ಗೆರೆಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಮುಟ್ಟಬೇಡಿ. ಐಎಸ್‌ಐ ಗುರುತು ಇರಲೇಬೇಕು.

ರೀಸೋಲ್ ಮಾಡಿದ್ದು (ಸವೆದ ಟೈರಿಗೆ ಹೊಸ ರಬ್ಬರ್ ಪದರ ಅಂಟಿಸಿದ್ದು), ಸವೆದ ಟೈರಿಗೆ ಗೆರೆ ಕೊರೆದು ಮಾರುವುದು, ಎರಡೂ ಬೇಡ. ನಿಮ್ಮ ಜೀವ ಎರಡು ಟೈರಿನ ಮೇಲೆ ನಿಂತಿದೆ.

ಮುಂದಕ್ಕೆ ಉದ್ದುದ್ದ ಗೆರೆಗಳಿರುವುದು, ಹಿಂದಕ್ಕೆ ಅಡ್ಡ ಕಟ್ಟುಗಳಿರುವುದು ಹಳೇ ಪದ್ಧತಿ. ಟಾರ್ ರಸ್ತೆಗೆ ಅದು ಈಗಲೂ ಚೆನ್ನಾಗಿದೆ. ಮೈಮೇಲೆ ಬಿಡಿಬಿಡಿ ಉಬ್ಬುಗಳಿರುವ ಬಟನ್ ಟೈರ್ ಮಣ್ಣಿನ ದಾರಿಯವರಿಗೆ ಮಾತ್ರ. ಟೈರಿನ ಜೊತೆ ಅದೇ ಅಳತೆಯ ಹೊಸ ಟ್ಯೂಬು ಮತ್ತು ರಿಮ್ ಟೇಪು ತೆಗೆದುಕೊಳ್ಳಿ. ರಿಮ್ ಟೇಪ್ ಅಂದರೆ ಸ್ಪೋಕ್ಸಿನ ತಲೆ ಟ್ಯೂಬಿಗೆ ಚುಚ್ಚದಂತೆ ಹಾಕುವ ರಬ್ಬರ್ ಪಟ್ಟಿ. ಹಳೇ ಟ್ಯೂಬ್ ಹಿಗ್ಗಿರುತ್ತದೆ. ಹೊಸ ಟೈರಿನೊಳಗೆ ಮಡಿಕೆ ಬಿದ್ದು ಅಲ್ಲೇ ಹರಿಯುತ್ತದೆ.

8. ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ

ಬದಿಯಲ್ಲಿ ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ಅದು ಇರಬೇಕು. ಬಣ್ಣದ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಭಾಗ, ವಾಲ್ವ್ ಪಕ್ಕಕ್ಕೆ ಬರಲಿ. ಅಂಚು ಜಾರಲು ಸೋಪಿನ ನೀರು ಸಾಕು. ಆಯಿಲ್, ಗ್ರೀಸ್ ಹಚ್ಚಲು ಬಿಡಬೇಡಿ.

ಗಾಳಿ ತುಂಬಿದ ಮೇಲೆ ಟೈರಿನ ಅಂಚಿನ ಹತ್ತಿರ ಒಂದು ತೆಳು ಗೆರೆ ಸುತ್ತಲೂ ಕಾಣುತ್ತದೆ. ಅದು ರಿಮ್ಮಿನಿಂದ ಎಲ್ಲ ಕಡೆ ಒಂದೇ ಅಂತರದಲ್ಲಿರಬೇಕು. ಒಂದು ಕಡೆ ಒಳಗೆ ಹೋಗಿದ್ದರೆ ಗಾಳಿ ಬಿಟ್ಟು ಮತ್ತೆ ಕೂರಿಸಿ. ವಾಲ್ವ್ ನೆಟ್ಟಗೆ ನಿಂತಿರಲಿ. ಅದರ ನಟ್ಟನ್ನು ರಿಮ್ಮಿಗೆ ಒತ್ತಿ ಬಿಗಿಯಬೇಡಿ, ಮೇಲಕ್ಕೆ ತಂದು ಕ್ಯಾಪಿಗೆ ಸೇರಿಸಿ ಬಿಡಿ. ಮುಂದೆಂದಾದರೂ ಟ್ಯೂಬ್ ಜರುಗಿದರೆ ವಾಲ್ವ್ ಓರೆಯಾಗುತ್ತದೆ, ನಿಮಗೆ ಮೊದಲೇ ಗೊತ್ತಾಗುತ್ತದೆ. ನಟ್ಟು ಬಿಗಿದಿದ್ದರೆ ಸುಳಿವೇ ಕೊಡದೆ ಬುಡದಲ್ಲಿ ಹರಿಯುತ್ತದೆ.

ಚಕ್ರ ಮತ್ತೆ ಕೂರಿಸುವಾಗ ಒಂದನ್ನು ಕಣ್ಣಾರೆ ನೋಡಿ. ಹಿಂದಿನ ಡ್ರಮ್ ಬ್ರೇಕಿನ ಪ್ಲೇಟನ್ನು ಸ್ವಿಂಗ್ ಆರ್ಮಿಗೆ ಕಟ್ಟುವ ಪಟ್ಟಿ ಇದೆಯಲ್ಲ, ಅದರ ಬೋಲ್ಟು ಬಿಗಿಯಾಗಿದೆಯಾ, ಪಿನ್ ಹಾಕಿದ್ದಾರಾ? ಅವಸರದಲ್ಲಿ ಇದನ್ನು ಮರೆತರೆ ಬ್ರೇಕ್ ಒತ್ತಿದಾಗ ಪ್ಲೇಟೇ ಚಕ್ರದ ಜೊತೆ ಸುತ್ತಿ, ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ಮುಂಚಕ್ರದಲ್ಲಿ, ಬ್ರೇಕ್ ಪ್ಲೇಟಿನ ತೋಡು ಫೋರ್ಕಿನ ಗೂಟಕ್ಕೆ ಸರಿಯಾಗಿ ಕೂತಿರಬೇಕು.

9. ಹಾಕಿಸಿದ ಮೇಲೆ

ಹೊಸ ಟೈರಿನ ಮೈ ನುಣುಪಾಗಿರುತ್ತದೆ. ಮೊದಲ 100–150 ಕಿಮೀ ಜೋರಾಗಿ ವಾಲಿಸಬೇಡಿ, ಗಕ್ಕನೆ ಬ್ರೇಕ್ ಹಾಕಬೇಡಿ. ಗಾಳಿಯನ್ನು ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ ನೋಡಿ. ಹಳೇ ಮ್ಯಾನುಯಲ್‌ಗಳಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಅಂತ ಕೊಟ್ಟಿರುತ್ತಾರೆ. ಅದನ್ನು 14.2ರಿಂದ ಗುಣಿಸಿದರೆ ಪೆಟ್ರೋಲ್ ಬಂಕಿನ ಪಿಎಸ್‌ಐ ಲೆಕ್ಕ ಸಿಗುತ್ತದೆ. 1.75 ಅಂತ ಇದ್ದರೆ 25 ಪಿಎಸ್‌ಐ. ಟೈರಿನ ಬದಿಯಲ್ಲಿ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ, ನೀವು ತುಂಬಬೇಕಾದದ್ದಲ್ಲ.

ಒಂದು ವಾರ ಓಡಿಸಿದ ಮೇಲೆ ಸ್ಪೋಕ್ಸು, ಚೈನು, ಆಕ್ಸಲ್ ನಟ್ಟು ಮತ್ತೊಮ್ಮೆ ನೋಡಿಸಿ. ಗೆರೆಗಳ ಆಳ 0.8 ಮಿಮೀಗಿಂತ ಕೆಳಗಿಳಿದರೆ ಕಾನೂನಿನ ಪ್ರಕಾರವೂ ಟೈರ್ ಬದಲಿಸಬೇಕು. ವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುವ ಗಾಡಿಗಳಲ್ಲಿ ಗೆರೆ ಸವೆಯುವ ಮೊದಲೇ ರಬ್ಬರ್ ಹಳತಾಗುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿರುಕು ಬಿಟ್ಟಿದೆಯಾ ನೋಡಿ. ಹತ್ತು ವರ್ಷವಾದದ್ದನ್ನು, ಎಷ್ಟೇ ಚೆನ್ನಾಗಿ ಕಂಡರೂ, ತೆಗೆಸಿಬಿಡಿ.